ನಾಲ್ಕನೆಯ ಕಾಲು

ಸಂದಿ ಅಳೆಯುವ ತೆಳುವಾದ ಉಕ್ಕಿನ ಪಟ್ಟಿ ಮೋಟಾರಿನ ನಾಲ್ಕನೆಯ ಕಾಲಿನ ಕೆಳಗೆ ಸಲೀಸಾಗಿ ನುಗ್ಗಿತು. ನುಗ್ಗಬಾರದಿತ್ತು.

ಮಂಡಿಯೂರಿದ್ದಲ್ಲೇ ಅವಳು ನಿಟ್ಟುಸಿರು ಬಿಟ್ಟಳು. ಆನೆ ಗಾತ್ರದ ಹೊಸ ಮೋಟಾರು. ಮೂರು ಕಾಲು ಪೀಠ ಕಚ್ಚಿವೆ, ಒಂದು ಗಾಳಿಯಲ್ಲಿದೆ. ಹೀಗೇ ಬೋಲ್ಟು ಬಿಗಿದರೆ ಅದರ ಮೈ ತಿರುಚಿಕೊಳ್ಳುತ್ತದೆ. ಓಡಿಸಿದರೆ ಬೇರಿಂಗ್ ಸುಡುತ್ತದೆ. ಇಲ್ಲವೇ ಪಂಪಿಗೆ ಜೋಡಿಸಿದ ಕಪ್ಲಿಂಗ್ ಚೂರಾಗಿ, ಹತ್ತಿರ ನಿಂತವರ ಮೇಲೆ ಹಾರುತ್ತದೆ.

ಬಾಗಿಲಲ್ಲಿ ಭಾವ ಕಾಣಿಸಿದರು. ಗಂಡನ ಅಣ್ಣ, ಈ ಕಾಗದದ ಗಿರಣಿಯ ಯಜಮಾನರು. ಹಿಂದೆಯೇ ಅತ್ತೆ. ಮೊದಲ ಸಲ ಗುಂಡಿ ಒತ್ತುವ ಗೌರವ ಅತ್ತೆಯದು.

"ಅಲ್ಲೇ ನಿಲ್ಲಿ ಭಾವ. ಚಪ್ಪಲಿಯಲ್ಲಿ ಒಳಗೆ ಬರೋ ಹಾಗಿಲ್ಲ. ಇಬ್ಬರೂ ಬೂಟು ಹಾಕ್ಕೊಳ್ಳಿ."

"ನನ್ನ ಗಿರಣಿಗೆ ನಾನು ಬರೋಕೂ ನಿನ್ನ ಅಪ್ಪಣೆ ಬೇಕಾ?" ಎನ್ನುತ್ತಲೇ ಭಾವ ಉಗ್ರಾಣದಿಂದ ಹೊಚ್ಚ ಹೊಸ ಜೋಡಿ ತರಿಸಿ ಹಾಕಿಕೊಂಡರು. ಅತ್ತೆಗೆ ಸಿಕ್ಕಿದ್ದು ಯಾರೋ ಮೆಟ್ಟಿ ಮೆತ್ತಗಾದ ಹಳೆಯದು.

"ಹೂಂ, ಬೀಗ ತೆಗಿ. ಶುರು ಮಾಡೋಣ."

ಸ್ವಿಚ್ಚಿನ ಪೆಟ್ಟಿಗೆಗೆ ಹಾಕಿದ್ದ ಬೀಗ ಅವಳದು. ಕೀಲಿ ಅವಳ ಕೊರಳಲ್ಲಿತ್ತು. ಕೆಲಸ ಮುಗಿಯುವ ತನಕ ಬೇರೆ ಯಾರೂ ಕರೆಂಟು ಕೊಡಬಾರದು.

"ಒಂದು ಕಾಲು ಸರಿಯಾಗಿ ಕೂತಿಲ್ಲ ಭಾವ. ಕೆಳಗೆ ತಗಡು ಕೊಟ್ಟು ಮಟ್ಟ ಮಾಡ್ಬೇಕು. ಮಧ್ಯಾಹ್ನ ಆಗುತ್ತೆ."

"ಕೂದಲೆಳೆಯಷ್ಟು ಸಂದಿಗೆ ಮಧ್ಯಾಹ್ನ ಬೇಕಾ? ಅದನ್ನ ನಾಳೆ ಮಾಡ್ಕೋ. ಇವತ್ತು ಓಡ್ಲಿ."

"ನಾಳೆಗೆ ಮೋಟಾರು ಉಳಿದಿರ್ಬೇಕಲ್ಲ."

"ನಿಂದು ಯಾವಾಗ್ಲೂ ಅಪಶಕುನದ ಮಾತೇ."

ಮನೆಯಲ್ಲಿ ಗ್ಯಾಸಿನ ವಾಸನೆ ಬರುತ್ತಿದೆ ಎಂದಾಗಲೂ ಅವಳಿಗೆ ಸಿಕ್ಕಿದ್ದು ಇದೇ ಉತ್ತರ. ಆ ಗ್ಯಾಸು ಹೊತ್ತಿಕೊಂಡಾಗ ಸುಟ್ಟ ಭಾವನ ಒಂದು ಹುಬ್ಬು ಇನ್ನೂ ಪೂರ್ತಿ ಬೆಳೆದಿರಲಿಲ್ಲ. ಅವಳು ಹೇಳಿದರೆ ಗೊಣಗಾಟ. ಯಂತ್ರವೇ ಬಾಯಿಬಿಟ್ಟರೆ ಎಚ್ಚರಿಕೆ.

"ಕೈಯಲ್ಲಿ ಒಂದು ಸುತ್ತು ತಿರುಗಿಸ್ತೀನಿ. ನೀವೇ ನೋಡಿ."

ಶಾಫ್ಟಿಗೆ ದಪ್ಪ ಬಟ್ಟೆಯ ಪಟ್ಟಿ ಸುತ್ತಿ ಎಳೆದಳು. ಭಾವ ಮುಂದಕ್ಕೆ ಬಾಗಿ ಇಣುಕಿದರು.

ಕುಂಯ್ಯ್.

ಅತ್ತೆಯ ಕಿವಿ ನಿಮಿರಿತು. "ಏನೋ ಅದು, ನರಳ್ತಿದೆ?"

"ಹೊಸದಲ್ವಾಮ್ಮ, ಒಂಚೂರು ಬಿಗಿ," ಎಂದರು ಭಾವ.

ಇನ್ನೊಮ್ಮೆ ತಿರುಗಿಸಿದಳು. ಭಾವ ಇನ್ನಷ್ಟು ಬಾಗಿದರು. ಕುಂಯ್ಯ್, ಕುಂಯ್.

ಎಲ್ಲರೂ ಮೀಸೆ ಎಂದೇ ಕರೆಯುವ ಕ್ರೇನಿನವನು ಮೇಲಿನಿಂದ ಕೂಗಿದ. "ನೀವು ಹತ್ತಿರ ಹೋದಷ್ಟೂ ಜಾಸ್ತಿ ಅಳುತ್ತೆ ಯಜಮಾನ್ರೇ! ಪಾಪ, ಹೆದರ್ಕೊಂಡಿದೆ."

"ಬಾಯ್ಮುಚ್ಕೊಂಡು ಕೂತ್ಕೋ!" ಎಂದು ಗದರಿ, ಭಾವ ಉಸಿರು ಬಿಗಿಹಿಡಿದು ಕಲ್ಲಾದರು. ಅವಳು ತಿರುಗಿಸಿದಳು. ಸದ್ದಿಲ್ಲ.

"ನೋಡಿದ್ಯಾಮ್ಮ? ನಿಂತೇ ಹೋಯ್ತು!"

"ನಿಂತಿದ್ದು ಇನ್ನೂ ಕೆಟ್ಟದ್ದು ಕಣೋ. ನಿಮ್ಮಪ್ಪನ ಹಲ್ಲುನೋವೂ ಹಿಂಗೇ ನಿಂತಿತ್ತು. ಬೆಳಗಾಗೋ ಹೊತ್ತಿಗೆ ಕೆನ್ನೆ ಕುಂಬಳಕಾಯಿ."

ಅವಳು ಸ್ಕ್ರೂಡ್ರೈವರಿನ ತುದಿಯನ್ನು ಬೇರಿಂಗಿನ ಗೂಡಿಗೆ ಒತ್ತಿ, ಹಿಡಿಗೆ ಕಿವಿ ಕೊಟ್ಟಳು. ಕಣ್ಣು ನೆಲದ ಮೇಲೇ ಇತ್ತು. ತುಟಿ ಕಚ್ಚಿಕೊಂಡಿದ್ದಳು.

"ಏನಂತೆ?" ಭಾವನ ದನಿ ಇಳಿದಿತ್ತು. ಒಂದು ಹೆಜ್ಜೆ ಮುಂದಿಟ್ಟರು. ಕುಂಯ್ಯ್.

"ಆಗಲೇ ಹೇಳಿದ್ನಲ್ಲ ಭಾವ. ಕಾಲಿನದ್ದೇ ತೊಂದರೆ."

ಭಾವ ಹಣೆ ಒರೆಸಿಕೊಂಡರು. "ಸರಿ ಮಾಡಮ್ಮ. ಎಷ್ಟೊತ್ತಾದ್ರೂ ಆಗ್ಲಿ."

ಅವರಿಬ್ಬರಿಗೂ ದೂರದಲ್ಲಿ ಕುರ್ಚಿ ಹಾಕಿಸಿದಳು. ತಗಡು ಕತ್ತರಿಸಿ ಕಾಲಿನಡಿ ಇಟ್ಟಳು, ಬಿಗಿದಳು, ಅಳೆದಳು, ಒಪ್ಪಲಿಲ್ಲ, ಮತ್ತೆ ಸಡಿಲಿಸಿದಳು. ಕೊನೆಗೆ ಬೋಲ್ಟು ಸಡಿಲಿಸಿದರೂ ಕಾಲಿಗೆ ತಾಗಿಸಿಟ್ಟಿದ್ದ ಮಾಪಕದ ಮುಳ್ಳು ಮಿಸುಕಲಿಲ್ಲ; ಕಾಲು ಸರಿಯಾಗಿ ಕೂತಿತ್ತು. ಬಟ್ಟೆಯ ಪಟ್ಟಿ ಹಿಡಿದು ಶಾಫ್ಟನ್ನು ಒಂದು ಸುತ್ತು ತಿರುಗಿಸಿದಳು. ಬೆಣ್ಣೆಯಲ್ಲಿ ಕೂದಲು ಎಳೆದ ಹಾಗೆ.

ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದ ಭಾವ ತಾಯಿಯತ್ತ ತಿರುಗಿ ತಲೆದೂಗಿದರು. "ನೋಡಮ್ಮ, ಪಟ್ಟು ಹಿಡಿದು ನಾನೇ ಸರಿ ಮಾಡಿಸ್ದೆ."

ಕಪ್ಲಿಂಗಿಗೆ ಮುಚ್ಚಳ ಬಿಗಿದು, ಎಲ್ಲರನ್ನೂ ಹಳದಿ ಗೆರೆಯ ಆಚೆ ನಿಲ್ಲಿಸಿ, ಕೊರಳ ಕೀಲಿಯಿಂದ ಬೀಗ ತೆಗೆದಳು. ಅತ್ತೆ ಕಣ್ಣು ಮುಚ್ಚಿಕೊಂಡು ಗುಂಡಿ ಒತ್ತಿದರು. ಮೋಟಾರು ಹೊಟ್ಟೆ ತುಂಬಿದ ಬೆಕ್ಕಿನ ಹಾಗೆ ಗುರುಗುಟ್ಟಿತು.

ಹೊರಡುವಾಗ ಭಾವ ಬೂಟು ಕಳಚಿದರು. "ಇದು ಕಾಲು ಕಚ್ಚುತ್ತೆ. ಮುಂದಿನ ಸಲ ಹಳೇದು ಕೊಡು."

"ಬೇಡ ಭಾವ. ನಿಮಗೆ ಇದೇ ಒಪ್ಪುತ್ತೆ."

ಕೂರಿಸಬೇಕಾದ ಮೋಟಾರು ಇನ್ನೂ ಎರಡಿದ್ದವು. ಎಲ್ಲರೂ ಹೋದ ಮೇಲೆ ಅವಳು ಭಾವ ಬಿಟ್ಟುಹೋದ ಎಡಗಾಲಿನ ಬೂಟನ್ನು ಕೈಯಲ್ಲಿ ಹಿಡಿದು ಅಟ್ಟೆಯನ್ನು ಮೆಲ್ಲಗೆ ಬಾಗಿಸಿ, ಅದು ಕುಂಯ್ಯ್ ಎಂದದ್ದನ್ನು ಕೇಳಿಸಿಕೊಂಡು, ಜೋಡಿಯನ್ನು ತನ್ನ ಬೀರುವಿನಲ್ಲಿಟ್ಟು ಅದೇ ಬೀಗ ಹಾಕಿದಳು.