ಅಂಟದ ತುರಿಕೆ

“ಕಜ್ಜಿ ಅಂತ ಬರೆದುಕೊಟ್ಟೋರು ನೀವೇ ಅಲ್ವೇನಮ್ಮಾ?” ಎಂದು ಹೆಡ್‌ಮಿಸ್ ಫೈಲಿನಿಂದ ಮೂರು ರಜಾಚೀಟಿ ತೆಗೆದು ಮೇಜಿನ ಮೇಲೆ ಸಾಲಾಗಿ ಇಟ್ಟರು. ಮೂರರಲ್ಲೂ ಮಗಳನ್ನು ಪಕ್ಕಕ್ಕೆ ನಿಲ್ಲಿಸಿಕೊಂಡು ಎದುರು ಕೂತ ಟೈಲರಮ್ಮನದೇ ಸಹಿ. ತಾನು ತೋಡಿದ ಹಳ್ಳಕ್ಕೆ ತಾನು ಬಿದ್ದಿದ್ದರೂ ಸರಿ, ಮಗಳು ಬಿದ್ದಳಲ್ಲ ಎಂದು ಅವಳಿಗೆ ಸಂಕಟವಾಯಿತು.

ಬರೆದದ್ದು ನಿಜ. ಮೂರು ವರ್ಷ ಕಂಡ ಕಂಡ ಡಾಕ್ಟರೆಲ್ಲ ಹಾಗೇ ಅಂದಿದ್ದರು. ಮಗಳು ಕೆರೆದು ಕೆರೆದು ರಕ್ತ ಬರಿಸಿಕೊಳ್ಳಬಾರದೆಂದು ಟೈಲರಮ್ಮ ಯೂನಿಫಾರ್ಮಿನ ತೋಳು ಉದ್ದ ಬಿಟ್ಟು, ತುದಿಯನ್ನು ಚೀಲದ ಹಾಗೆ ಮುಚ್ಚುವಂತೆ ಗುಂಡಿ ಇಟ್ಟು ಹೊಲಿದಿದ್ದಳು. ಬರೆಯುವಾಗ ಮಾತ್ರ ಬಲಗೈಯ ಗುಂಡಿ ಬಿಚ್ಚಬೇಕು. ಆ ತೋಳು ಕಂಡೇ ಉಳಿದ ತಾಯಂದಿರಲ್ಲಿ ಗುಸುಗುಸು ಎದ್ದದ್ದು, ಎರಡನೇ ತರಗತಿಯ ಹುಡುಗಿಯನ್ನು ಶಾಲೆ ಬಿಡಿಸಿ ಎಂಬಲ್ಲಿಗೆ ಬಂದು ನಿಂತದ್ದು.

“ಈಗ ನಿಜ ಗೊತ್ತಾಗಿದೆ ಮೇಡಂ. ಇದು ಜೀನ್ ಪರೀಕ್ಷೆ ರಿಪೋರ್ಟು.”

ಹೆಡ್‌ಮಿಸ್ ಕನ್ನಡಕ ಏರಿಸಿ ನೋಡಿದರು. ಬರೀ ಅಕ್ಷರ, ಅಂಕಿ, ತಲೆಬುಡ ತಿಳಿಯಲಿಲ್ಲ. ತಿಳಿಯಲಿಲ್ಲ ಎನ್ನಲು ಆ ಕುರ್ಚಿಯಲ್ಲಿ ಕೂತವರಿಗೆ ಬಾಯಿ ಬರುವುದಿಲ್ಲ. “ಕಜ್ಜಿ ಅಲ್ಲ ಅಂತ ಇದರಲ್ಲಿ ಎಲ್ಲಿದೆ?” ಎಂದರು.

“ಆಸ್ಪತ್ರೆಯಲ್ಲಿ ಬಿಡಿಸಿ ಹೇಳಿದ್ರು, ನಾನು ಹೇಳ್ತೀನಿ ಕೇಳಿ. ಮೈಯ ಒಂದೊಂದು ಜೀವಕೋಶದ ಪೊರೆಗೂ ಎರಡು ಪದರ. ನಾವು ಕೋಟಿಗೆ ಲೈನಿಂಗ್ ಕೊಡ್ತೀವಲ್ಲ, ಹಾಗೆ. ಹೊರಪದರದ ಕೊಬ್ಬನ್ನ ಒಳಪದರಕ್ಕೆ ಮಗುಚಿ ಹಾಕೋಕೆ ಅಂತಲೇ ಒಂದು ಕಿಣ್ವ ಇರುತ್ತೆ. ಅದನ್ನ ಮಾಡೋ ಜೀನೇ ಇವಳಲ್ಲಿ ಕೆಟ್ಟಿದೆ. ಅದಕ್ಕೇ ಲಿವರ್‌ನಿಂದ ಪಿತ್ತ ಹರಿದು ಹೋಗಲ್ಲ, ರಕ್ತಕ್ಕೆ ಸೇರುತ್ತೆ, ಮೈಯೆಲ್ಲ ತುರಿಸುತ್ತೆ. ಆ ಕೆಟ್ಟ ಜೀನು ಕೊಟ್ಟಿರೋದು ನಾನೊಂದು ಪಾಲು, ಇವಳಪ್ಪ ಒಂದು ಪಾಲು. ಪಕ್ಕದಲ್ಲಿ ಕೂತ ಮಕ್ಕಳಿಗೆ ಕೊಡೋಕೆ ಇವಳ ಹತ್ರ ಏನೂ ಇಲ್ಲ.”

“ನೀವು ಟೈಲರ್ ಕಣಮ್ಮಾ, ಡಾಕ್ಟರಲ್ಲ.”

“ಹೌದು. ಡಾಕ್ಟರು ಮೂರು ವರ್ಷ ತಪ್ಪು ಅಳತೆ ತಗೊಂಡ್ರು, ಯಾರೂ ಕೇಳಲಿಲ್ಲ. ನಾನು ಒಂದಿಂಚು ತಪ್ಪಿದ್ರೆ ಗಿರಾಕಿ ಬಟ್ಟೆ ಮುಖಕ್ಕೆ ಎಸೆದು ಹೋಗ್ತಾರೆ.”

ಹೆಡ್‌ಮಿಸ್ ಕೊಂಚ ಸಡಿಲಾದರು. ಕಜ್ಜಿಯಲ್ಲ ಎಂದು ಡಾಕ್ಟರು ಕೈಯಾರೆ ಚೀಟಿ ಬರೆದುಕೊಡುವವರೆಗೆ ಹುಡುಗಿ ಬರಲಿ, ಆದರೆ ಹಿಂದಿನ ಬೆಂಚಲ್ಲಿ ಒಬ್ಬಳೇ ಕೂರಲಿ ಎಂದರು. ಟೈಲರಮ್ಮನಿಗೆ ಮೈಯೆಲ್ಲ ಉರಿಯಿತು. “ಬೇರೆ ಕೂರಿಸಿದ್ರೆ ಕಜ್ಜಿ ಅಂತ ನೀವೇ ಡಂಗುರ ಹೊಡೆದ ಹಾಗೆ. ಅದು ಆಗಲ್ಲ,” ಎಂದವಳೇ ಮಗಳ ಕೈಹಿಡಿದು ನೇರ ತರಗತಿಗೆ ನಡೆದಳು. ಹೆಡ್‌ಮಿಸ್ ಹಿಂದೆಯೇ ಬಂದರು.

ಮಗಳು ತನ್ನ ಎರಡನೇ ಬೆಂಚಿನ ನಡುವೆ ಹೋಗಿ ಕೂತಳು. ಅಕ್ಕಪಕ್ಕದ ಇಬ್ಬರು ಎದ್ದು ಗೋಡೆಗೆ ಒತ್ತಿಕೊಂಡರು. ಇಡೀ ತರಗತಿ ಹೆಡ್‌ಮಿಸ್ ಮುಖ ನೋಡಿತು.

“ಹಿಂದಿನ ಬೆಂಚಿಗೆ ಹೋಗು ಮರಿ, ಜಾಣೆ ಅಲ್ವಾ,” ಎಂದರು ಅವರು ಮೆತ್ತಗೆ.

ಹುಡುಗಿ ಮೊಣಕೈಯನ್ನು ಬೆಂಚಿನ ಅಂಚಿಗೆ ಉಜ್ಜಿಕೊಳ್ಳುತ್ತ ತಲೆಯೆತ್ತಿದಳು.

“ಅಲ್ಲಿ ಕೂತ್ರೆ ನಂಗೆ ತುರಿಸಲ್ವಾ ಮಿಸ್? ತುರಿಸಲ್ಲ ಅಂದ್ರೆ ಈಗಲೇ ಹೋಗ್ತೀನಿ.”