ಗುನುಗಿನ ವಾರಸುದಾರ

"ಇದು ಕದ್ದ ಮಾಲು," ಎಂದು ಕಿವಿರಾಯರು ಹೆಡ್‌ಫೋನ್ ಕಳಚಿಟ್ಟರು. "ಅನುಮಾನವೇ ಬೇಡ."

ಸಂಗೀತ ಕಂಪನಿಯ ಮ್ಯಾನೇಜರಮ್ಮ ಹಣೆ ಒತ್ತಿಕೊಂಡರು. ಪೋಸ್ಟರು ಅಚ್ಚಾಗಿತ್ತು, ಬಿಡುಗಡೆಯ ದಿನ ನಿಗದಿಯಾಗಿತ್ತು. ಹಾಡಿದ್ದವಳು ಕಿಡಿ ಎಂಬ ಅಡ್ಡಹೆಸರಿನ ರ‍್ಯಾಪರ್ ಹುಡುಗಿ. ಅವಳ ಮಾತುಗಳ ಹಿಂದೆ ಒಂದು ಗಂಡುದನಿ, ತಗ್ಗಿನಲ್ಲಿ, ನಿಧಾನವಾಗಿ ಗುನುಗುತ್ತ ಸುತ್ತಿ ಸುತ್ತಿ ಬರುತ್ತಿತ್ತು. ಹಿಪ್ ಹಾಪ್‌ನವರ ಪದ್ಧತಿಯೇ ಅದು. ಎಲ್ಲಿಂದಲೋ ದನಿಯ ತುಣುಕೊಂದನ್ನು ಕತ್ತರಿಸಿ ತಂದು, ವೇಗ ಹೆಚ್ಚುಕಡಿಮೆ ಮಾಡಿ, ಅದರ ಮೇಲೆ ತಮ್ಮ ಮಾತು ಹೊಸೆಯುವುದು. ಅವರು ಅದನ್ನು ಸ್ಯಾಂಪಲ್ ಎನ್ನುತ್ತಾರೆ. ಕಿವಿರಾಯರು ಜೇಬುಗಳ್ಳತನ ಎನ್ನುತ್ತಿದ್ದರು.

ಅಂಥ ಕಳ್ಳತನ ಹಿಡಿಯುವುದೇ ಅವರ ಉದ್ಯೋಗ. ಹೊಸ ಹಾಡಿನ ಯಾವ ತುಣುಕು ಯಾವ ಹಳೆಯ ರೆಕಾರ್ಡಿನದು ಎಂದು ಅವರು ಹೇಳಬೇಕು. ವಾರಸುದಾರರ ಒಪ್ಪಿಗೆ ಬಂದ ಮೇಲಷ್ಟೇ ಹಾಡು ಹೊರಗೆ. ತಮ್ಮ ಕಿವಿಗಳ ಮೇಲೆ ಅವರಿಗೆ ಎಷ್ಟು ಭಕ್ತಿಯೆಂದರೆ, ಬಿಸಿಲಿನಲ್ಲೂ ಅವಕ್ಕೆ ಮಫ್ಲರ್ ಹೊದಿಸಿಯೇ ಹೊರಡುತ್ತಿದ್ದರು. ಹರೆಯದಲ್ಲಿ ಹಾಡುಗಾರನಾಗುವ ಹುಚ್ಚೂ ಇತ್ತು. "ಈ ದನಿಗೆ ಬೇರೆ ಕೆಲಸ ನೋಡಪ್ಪ" ಎಂದು ದೊಡ್ಡವರೊಬ್ಬರು ಹೇಳಿದ ಮೇಲೆ ಮೈಕಿನ ಮುಂದೆ ಬಾಯಿ ತೆರೆದಿರಲಿಲ್ಲ. ಇನ್ನೊಬ್ಬರ ಬಾಯಿ ಮುಚ್ಚಿಸುವ ಕೆಲಸ ಅವರಿಗೆ ಚೆನ್ನಾಗಿಯೇ ಒಗ್ಗಿತು.

"ಸರಿ, ಯಾರ ದನಿ ಹೇಳಿಬಿಡಿ," ಎಂದರು ಮ್ಯಾನೇಜರಮ್ಮ. "ಹುಡುಗಿಗೆ ಫೋನ್ ಮಾಡಿದ್ದೆ. ಕದ್ದಿಲ್ಲ, ಸೋಮವಾರ ಬಂದು ಎದುರಿಗೇ ಮಾತಾಡ್ತೀನಿ ಅಂದಳು."

"ಸೋಮವಾರವೇ ಹೇಳ್ತೀನಿ. ಅವಳ ಮುಖ ನೋಡ್ಕೊಂಡು ಹೇಳಬೇಕು."

ನಿಜ ಏನೆಂದರೆ, ಅವರಿಗೆ ಗೊತ್ತಾಗಿರಲಿಲ್ಲ. ಕೇಳಿದ ದನಿಯೇ, ಆದರೆ ಎಲ್ಲಿ ಎಂದು ಹೊಳೆಯದು. ಇದೇ ಕೆಲಸ ಮಾಡುವ ಯಂತ್ರವೊಂದನ್ನು ಕಂಪನಿ ಕೊಳ್ಳಲಿದೆ ಎಂಬ ಗಾಳಿಮಾತು ಬೇರೆ ಇತ್ತು. ಯಂತ್ರಕ್ಕೆ ಮಫ್ಲರ್ ಬೇಕಿರಲಿಲ್ಲ, ಸಂಬಳವೂ.

ಕಿಡಿ ಅವರಿಗೆ ಹೊಸಬಳಲ್ಲ. ಹೋದ ವರ್ಷ ತನ್ನ ಮೊದಲ ಹಾಡನ್ನು ಹೊತ್ತು ಇದೇ ಕೋಣೆಗೆ ಬಂದಿದ್ದಳು. ರಾಯರು ಕಣ್ಣು ಮುಚ್ಚಿ ಕೊನೆಯವರೆಗೂ ಕೇಳಿ, "ಇದರಲ್ಲಿ ಸಂಗೀತ ಒಂದು ಬಿಟ್ಟು ಎಲ್ಲಾ ಇದೆ ತಾಯಿ" ಎಂದು ಕಳಿಸಿದ್ದರು. ಹೊಸಬರು ಅವರ ತೀರ್ಪುಗಳನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು ಹೋಗುವುದಿತ್ತು. ಅದನ್ನವರು ಗುರುಭಕ್ತಿ ಎಂದೇ ನಂಬಿದ್ದರು.

ಶನಿವಾರ ಪೂರ್ತಿ ಮನೆಯ ಕಪಾಟಿನ ರೆಕಾರ್ಡುಗಳನ್ನೆಲ್ಲ ನೆಲಕ್ಕಿಳಿಸಿ ತಿರುಗಿಸಿದರು. ಆ ದನಿ ಎಲ್ಲೂ ಇಲ್ಲ. ಭಾನುವಾರದ ಹೊತ್ತಿಗೆ ಸಿಟ್ಟು ಇಳಿದು ಇನ್ನೇನೋ ಶುರುವಾಗಿತ್ತು. ಆ ಗುನುಗಿನಲ್ಲಿ ತೋರಿಕೆ ಇರಲಿಲ್ಲ. ಯಾರೂ ಕೇಳುತ್ತಿಲ್ಲ ಎಂಬ ನಿಶ್ಚಿಂತೆ ಇತ್ತು, ಅದರೊಳಗೆ ಎಂದೋ ನುಂಗಿಕೊಂಡ ನೋವಿತ್ತು. ಮೂರನೆಯ ಸಲ ಕೇಳುವಾಗ ರಾಯರ ಕಣ್ಣು ತುಂಬಿತು. ಯಾರೋ ಪುಣ್ಯಾತ್ಮ, ಜಗತ್ತಿಗೆ ಬೇಡವಾದವನು. ಅವನನ್ನೂ ಈ ಹುಡುಗಿ ಬಿಡಲಿಲ್ಲವಲ್ಲ.

ಅಡುಗೆಮನೆಯಲ್ಲಿ ಸೌತೆಕಾಯಿ ಹೆಚ್ಚುತ್ತಿದ್ದ ಹೆಂಡತಿಗೂ ಕೇಳಿಸಿದರು. ಅವಳು ಚಾಕು ನಿಲ್ಲಿಸಿದಳು.

"ಇದೇನ್ರೀ, ಇಷ್ಟು ಎಳೆದೆಳೆದು?"

"ಹುಡುಗಿ ನಿಧಾನ ಮಾಡಿದ್ದಾಳೆ. ಯಾರ ದನಿ ಗೊತ್ತಾಯ್ತಾ?"

"ಗೊತ್ತಾಗದೆ ಏನು? ದಿನಾ ಬೆಳಿಗ್ಗೆ ಬರುತ್ತಲ್ಲ," ಎಂದು ನಕ್ಕು ಮತ್ತೆ ಹೆಚ್ಚತೊಡಗಿದಳು.

ರೇಡಿಯೋ. ರಾಯರು ಉಳಿದ ಮಾತು ಕೇಳಲು ನಿಲ್ಲಲಿಲ್ಲ. ರೇಡಿಯೋ ಕೇಂದ್ರದ ಗೆಳೆಯನಿಗೆ ಫೋನು ಮಾಡಿ, ಬೆಳಗಿನ ಹಾಡುಗಾರರೆಲ್ಲರ ಹೆಸರು ಹೇಳಿಸಿ, ಒಬ್ಬೊಬ್ಬರನ್ನೇ ಕೇಳಿ ನೋಡಿದರು. ಯಾರದೂ ಅಲ್ಲ. "ಹೆಂಗಸರಿಗೆ ಎಲ್ಲ ದನಿಯೂ ಒಂದೇ," ಎಂದು ಗೊಣಗಿ ಮಲಗಿದರು.

ಸೋಮವಾರ ಕಿಡಿ ಬಂದಳು. ರಾಯರು ಕುರ್ಚಿಯಲ್ಲಿ ನೆಟ್ಟಗೆ ಕೂತು ಮಫ್ಲರ್ ಸರಿಮಾಡಿಕೊಂಡರು. ಹೆಸರು ಸಿಕ್ಕಿಲ್ಲವೆಂದು ಒಪ್ಪಿದರೆ ಯಂತ್ರ ನಾಳೆಯೇ ಬರುತ್ತದೆ. ಹಾಗಾಗಿ ಭಾಷಣಕ್ಕಿಳಿದರು.

"ಇದು ಮಹಾನುಭಾವರೊಬ್ಬರ ದನಿ. ಹೆಸರು ಹೇಳಿದರೆ ನಿನಗೆ ಅರ್ಥವಾಗಲ್ಲ. ಜಗತ್ತು ಅವರನ್ನ ಗುರುತಿಸಲಿಲ್ಲ. ಕಿವಿ ಇದ್ದವರು ಆಗ ಯಾರೂ ಇರಲಿಲ್ಲ."

"ಈಗಲೂ ಅಷ್ಟೇ ಅನ್ಸುತ್ತೆ ಸರ್," ಎಂದಳು ಕಿಡಿ ತಣ್ಣಗೆ.

"ಅಂದ್ರೆ ಅವರು ದೊಡ್ಡ ಗಾಯಕರು ಅಂತೀರಾ?" ಮ್ಯಾನೇಜರಮ್ಮ ಕೇಳಿದರು.

"ದೊಡ್ಡವರಾ? ಎರಡು ದಿನದಿಂದ ನನಗೆ ಊಟ ಸೇರಿಲ್ಲ ಮೇಡಂ."

"ಅಷ್ಟು ಮೆಚ್ಚಿದ್ದನ್ನ ಬರೆದುಕೊಡ್ತೀರಾ ಸರ್?" ಎಂದಳು ಕಿಡಿ.

"ಮೆಚ್ಚಿದ್ದು ಅವರನ್ನ, ನಿನ್ನನ್ನಲ್ಲ," ಎಂದರು ರಾಯರು. "ಎಲ್ಲಿ ಅವರ ಒಪ್ಪಿಗೆ?"

"ಅದನ್ನ ಕೇಳೋಕೇ ಬಂದಿದ್ದೀನಿ. ಫೋನಲ್ಲಿ ಕೇಳಿದ್ರೆ ಮರ್ಯಾದೆ ಆಗಲ್ಲ ಅನ್ನಿಸ್ತು."

ರಾಯರು ಮೇಜು ಗುದ್ದಿದರು. "ನಾಟಕ ಸಾಕು. ಅವರು ಬದುಕಿದ್ದರೆ ಕರ್ಕೊಂಡು ಬಾ. ಇದೇ ಕುರ್ಚಿ ಮೇಲೆ ಕೂರಿಸು. ನಾನೇ ಎದ್ದು ನಿಂತು ಕೈ ಮುಗೀತೀನಿ."

"ಕೂತೇ ಇದ್ದೀರಲ್ಲ ಸರ್," ಎಂದಳು ಕಿಡಿ, "ಹೋದ ವರ್ಷ ನನ್ನ ಹಾಡಲ್ಲಿ ಸಂಗೀತ ಇಲ್ಲ ಅನ್ನೋಕೆ ಮುಂಚೆ, ಹೆಡ್‌ಫೋನ್ ಹಾಕ್ಕೊಂಡು ಕೊನೇವರೆಗೂ ಅದರ ಜೊತೆ ಗುನುಗಿದ್ದು ನೀವೇ."