ಒರೆಸದ ಹಿಡಿ

ವಸ್ತುಗಳು ತಮ್ಮನ್ನು ಹಿಡಿದ ಕೈಯನ್ನು ಮರೆಯದ ಕಾಲ ಬಂದ ಮೇಲೆ, ಹುಬ್ಬಳ್ಳಿಯಲ್ಲಿ ಹಳೆಯ ಮಾಲನ್ನು ಸ್ಪಿರಿಟ್ಟಿನಿಂದ ಒರೆಸಿ ಆ ನೆನಪನ್ನು ಅಳಿಸದೆ ಯಾರೂ ಮಾರುತ್ತಿರಲಿಲ್ಲ. ಇಂದುಮತಿ ಇಪ್ಪತ್ತಾರು ವರ್ಷ ರೈಲು ನಿಲ್ದಾಣದ ಮೈಕಿನಲ್ಲಿ ಗಾಡಿಗಳ ಹೊತ್ತು ಹೇಳಿ ನಿವೃತ್ತಳಾದವಳು. ಅವಳ ಮನೆಯ ಲೋಟಕ್ಕೂ ಬಾಗಿಲ ಚಿಲಕಕ್ಕೂ ಅವಳ ಕೈಯೊಂದೇ ಗೊತ್ತು. ಭಾನುವಾರಗಳಂದು ಗುರಿ ಹೊಡೆಯುವುದನ್ನಾದರೂ ಕಲಿಯೋಣವೆಂದು ಮೊದಲ ಏರ್ ಪಿಸ್ತೂಲು ಕೊಳ್ಳಲು ಅಂಗಡಿಗೆ ಬಂದಿದ್ದಳು.

ಹೊಸದು ಹಗುರವಾಗಿತ್ತು, ತಣ್ಣಗಿತ್ತು. ಒರೆಸಲು ಪಕ್ಕಕ್ಕಿಟ್ಟಿದ್ದ ಹಳೆಯದನ್ನು ಎತ್ತಿ ಗೋಡೆಯ ಗುರಿಹಲಗೆಯತ್ತ ಹಿಡಿದಾಗ, ಅದರ ಮರದ ಹಿಡಿ ಅವಳ ಅಂಗೈಯನ್ನು ಮೆಲ್ಲಗೆ ಅದುಮಿತು, ಗಡಿಬಿಡಿ ಬೇಡ ಎನ್ನುವಂತೆ. ಅವಳು ಹೊಡೆದಳು. ಗುಂಡು ಹಲಗೆಯನ್ನೇ ಬಿಟ್ಟು ಎಡಕ್ಕೆ ಹೋಯಿತು.

"ನೋಡಿದ್ರಿಲ್ರಿ ಅಕ್ಕಾರ?" ಅಂಗಡಿಯ ಮೌಲಾಲಿ ನಕ್ಕ. "ಮೊದಲಿನವರ ಕೈ ನಡುಗತಿತ್ತು ಕಾಣ್ತೈತಿ. ಕೊಡ್ರಿ ಇಲ್ಲೆ, ಒರಸಿಬಿಡ್ತೀನಿ. ನೆಟ್ಟಗ ಹೊಡೀತೈತಿ."

"ಯಾರಿದ್ರು ಅವರು?"

"ಯಾರಿಗ್ಗೊತ್ರಿ. ತೀರಿ ಹ್ವಾದ್ರಂತ."

ಅವನು ಒದ್ದೆ ಬಟ್ಟೆ ಹಿಡಿದು ಕೈ ಚಾಚಿದ. ಇಂದುಮತಿ ಪಿಸ್ತೂಲನ್ನು ಕೊಡಲಿಲ್ಲ.

"ಒರಸಬ್ಯಾಡ್ರಿ. ಇನ್ನೊಂದು ಗುಂಡು ಹಾಕಿಕೊಡ್ರಿ."

ಮತ್ತೆ ತೋಳೆತ್ತಿದಳು. ಹಿಡಿ ಅದುಮಿತು. ಮೌಲಾಲಿ ಅತ್ತ ತಿರುಗಿದ್ದನ್ನು ನೋಡಿಕೊಂಡು, ಅವಳೂ ಆ ಹಿಡಿಯನ್ನು ಮೆಲ್ಲಗೆ ಅದುಮಿದಳು.